ಚಕ್ಕುಬಂದಿ ಬದಲಾದಾಗ ನಕ್ಷೆ ತಿದ್ದುವವರು ಯಾರು?

2025ರ ಡಿಸೆಂಬರಿನ ಒಂದು ಬೆಳಿಗ್ಗೆ ಬಸವೇಶ್ವರನಗರದ ನಮ್ಮ ಎದುರುಮನೆಯ ಹಿರಿಯರು ಕೈಯಲ್ಲೊಂದು ಅರ್ಜಿ ಹಿಡಿದು ಬಾಗಿಲಿಗೆ ಬಂದರು. ನಮ್ಮ ಓಣಿಯ ತಿರುವಿನಲ್ಲಿ ಮೋರಿಯ ಮೇಲೆ ಹಾಸಿದ್ದ ಕಲ್ಲುಚಪ್ಪಡಿ ಒಡೆದು ಬಹಳ ದಿನಗಳಾಗಿದ್ದವು. ಅದರ ಹಿಂದಿನ ವಾರವಷ್ಟೇ ಅವರ ಮನೆಯಾಕೆ ದೇವಸ್ಥಾನದಿಂದ ಮರಳುವಾಗ ಅದೇ ಜಾಗದಲ್ಲಿ ಎಡವಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಹಿರಿಯರು ಸುಮ್ಮನೆ ಕೂರುವವರಲ್ಲ. ಇಪ್ಪತ್ತು ಮನೆಗಳ ಸಹಿ ಸಂಗ್ರಹಿಸಿ, ಮೊಬೈಲಿನ ನಕ್ಷೆಯಲ್ಲಿ ನಮ್ಮ ವಾರ್ಡ್ ಯಾವುದೆಂದು ನೋಡಿ, ಅದರ ಸಂಖ್ಯೆಯನ್ನು ಅರ್ಜಿಯ ತಲೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಕಚೇರಿಗೆ ಹೋಗಿದ್ದರು. ಅಲ್ಲಿದ್ದವರು ಸೌಜನ್ಯದಿಂದಲೇ ಅರ್ಜಿ ಓದಿ, ‘ನಿಮ್ಮ ರಸ್ತೆ ಈ ವಾರ್ಡಿಗೆ ಬರುವುದಿಲ್ಲ ಸಾರ್, ಪಕ್ಕದ್ದಕ್ಕೆ ಬರುತ್ತದೆ’ ಎಂದು ಕಳುಹಿಸಿದ್ದರು.

‘ಮೇಷ್ಟ್ರೇ, ನಕ್ಷೆಯಲ್ಲಿ ಹೀಗೇ ಇದೆಯಲ್ಲ, ನೋಡಿ’ ಎಂದು ಅವರು ಮೊಬೈಲನ್ನು ನನ್ನ ಮುಂದೆ ಹಿಡಿದರು. ನಾನು ನೋಡಿದೆ. ನಕ್ಷೆ ತಪ್ಪಾಗಿತ್ತು. ನಮ್ಮ ಓಣಿಯನ್ನು ಬಳಸಿಕೊಂಡು ಹೋಗಿದ್ದ ಆ ಗೆರೆಯನ್ನು ಎರಡು ತಿಂಗಳ ಹಿಂದೆ ಎಳೆದವನು ಬೇರಾರೂ ಅಲ್ಲ, ನಾನೇ.

ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತನಾದ ಮೇಲೆ ನಾನು ಹಚ್ಚಿಕೊಂಡ ಹವ್ಯಾಸವೆಂದರೆ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ಅಂತರ್ಜಾಲ ನಕ್ಷೆಯನ್ನು ತಿದ್ದುವುದು. 2004ರಲ್ಲಿ ಬ್ರಿಟನ್ನಿನಲ್ಲಿ ಸ್ಟೀವ್ ಕೋಸ್ಟ್ ಎಂಬವರು ಆರಂಭಿಸಿದ ಈ ನಕ್ಷೆಗೆ ಒಡೆಯರಿಲ್ಲ. ಯಾರು ಬೇಕಾದರೂ ಸೇರಿಸಬಹುದು, ತಿದ್ದಬಹುದು, ಬಳಸಬಹುದು. ನಮ್ಮ ನಿಮ್ಮ ಮೊಬೈಲಿನ ಹಲವು ತಂತ್ರಾಂಶಗಳು ದಾರಿ ತೋರಿಸುವುದು, ವಿಳಾಸ ಹುಡುಕಿಕೊಡುವುದು ಇದರ ಆಧಾರದ ಮೇಲೆಯೇ. ರಾಜಾಜಿನಗರದಿಂದ ಕೆಂಗೇರಿಯವರೆಗಿನ ನೂರಾರು ಅಡ್ಡರಸ್ತೆಗಳು, ಬಸ್ ನಿಲ್ದಾಣಗಳು, ಉದ್ಯಾನಗಳನ್ನು ನನ್ನಂಥ ಅನೇಕರು ಕಾಲ್ನಡಿಗೆಯಲ್ಲಿ ಸುತ್ತಿ ಅದರಲ್ಲಿ ಗುರುತಿಸಿದ್ದಾರೆ. ರಸ್ತೆ, ನಿಲ್ದಾಣಗಳು ಕಣ್ಣಿಗೆ ಕಾಣುತ್ತವೆ. ತಪ್ಪಿದರೆ ಮತ್ತೊಬ್ಬರು ಹೋಗಿ ನೋಡಿ ಸರಿಪಡಿಸಬಹುದು. ಆಡಳಿತದ ಗಡಿ ಹಾಗಲ್ಲ. ಅದು ನೆಲದ ಮೇಲೆ ಎಲ್ಲಿಯೂ ಕಾಣದು. ಅದಿರುವುದು ಸರ್ಕಾರದ ರಾಜ್ಯಪತ್ರದಲ್ಲಿ ಮಾತ್ರ.

ಇಂಥ ಕಾಣದ ಗೆರೆಗಳು ಬೆಂಗಳೂರಿನಲ್ಲಿ ಎಷ್ಟು ಸಲ ಜಾಗ ಬದಲಿಸಿವೆ ಎಂಬುದನ್ನು ಒಮ್ಮೆ ನೆನೆಯೋಣ. ನೂರು ವಾರ್ಡುಗಳ ಮಹಾನಗರ ಪಾಲಿಕೆಗೆ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ವಾರ್ಡುಗಳು 198 ಆದವು. ಬಸವೇಶ್ವರನಗರಕ್ಕೆ ಆಗ ದಕ್ಕಿದ್ದು 100ನೇ ಸಂಖ್ಯೆ, ಕೆಂಗೇರಿಗೆ 159. ಈ ಗಡಿಗಳ ಮೇಲೆ 2010 ಮತ್ತು 2015ರಲ್ಲಿ ಚುನಾವಣೆ ನಡೆಯಿತು. 2020ರ ಸೆಪ್ಟೆಂಬರಿನಲ್ಲಿ ಸದಸ್ಯರ ಅವಧಿ ಮುಗಿಯಿತು. 2022ರಲ್ಲಿ ವಾರ್ಡುಗಳನ್ನು 243 ಮಾಡಲಾಯಿತು. 2023ರಲ್ಲಿ ಅದು 225ಕ್ಕೆ ಇಳಿಯಿತು. ಈ ಎರಡು ವಿಂಗಡಣೆಗಳ ಮೇಲೆ ಒಂದೇ ಒಂದು ಚುನಾವಣೆಯೂ ನಡೆಯಲಿಲ್ಲ. ಗೆರೆಗಳು ಬಂದವು, ಯಾರನ್ನೂ ಆರಿಸದೆಯೇ ಹೋದವು.

ಆಮೇಲೆ ಬಂದದ್ದು ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ. 2025ರ ಮೇ 15ರಂದು ಅದು ಜಾರಿಗೆ ಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೃಹತ್ ಪಾಲಿಕೆಯ ಜಾಗದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳೂ ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅಸ್ತಿತ್ವಕ್ಕೆ ಬಂದವು. ಸೆಪ್ಟೆಂಬರ್ ಕೊನೆಯಲ್ಲಿ ವಾರ್ಡುಗಳ ಕರಡು ಹೊರಬಿತ್ತು. ಐದೂ ಪಾಲಿಕೆಗಳಿಂದ 368 ವಾರ್ಡುಗಳು, ಅದರಲ್ಲಿ ಪಶ್ಚಿಮಕ್ಕೆ 111. ಆಕ್ಷೇಪಣೆಗಳನ್ನು ಆಲಿಸಿ ನವೆಂಬರಿನಲ್ಲಿ ಅಂತಿಮ ಅಧಿಸೂಚನೆ ಬಂದಾಗ ಒಟ್ಟು ಸಂಖ್ಯೆ 369, ಪಶ್ಚಿಮದ್ದು 112 ಆಗಿತ್ತು.

ನಾನು ಎಡವಿದ್ದು ಈ ಕರಡು ಮತ್ತು ಅಂತಿಮ ಅಧಿಸೂಚನೆಗಳ ನಡುವಿನ ಸಂದಿಯಲ್ಲಿ. ಕರಡು ಪ್ರಕಟವಾದ ವಾರವೇ ಮುದ್ರಿತ ಚಿತ್ರವೊಂದನ್ನು ಮುಂದಿಟ್ಟುಕೊಂಡು ನಮ್ಮ ಸುತ್ತಲಿನ ವಾರ್ಡುಗಳ ಗೆರೆಯನ್ನು ನಕ್ಷೆಗೆ ಏರಿಸಿದ್ದೆ. ಎಲ್ಲರಿಗಿಂತ ಮೊದಲು ಮಾಡಿದೆನೆಂಬ ಹೆಮ್ಮೆಯೂ ಇತ್ತು. ಅದು ಎರಡು ಬಗೆಯ ತಪ್ಪು. ಒಂದು, ಕರಡು ಎಂಬುದು ಪ್ರಸ್ತಾವವೇ ಹೊರತು ಆದೇಶವಲ್ಲ. ಎರಡು, ಹಕ್ಕುಸ್ವಾಮ್ಯವಿರುವ ಚಿತ್ರವನ್ನು ನೋಡಿ ನಕಲು ಮಾಡುವುದು ಈ ಹಂಚಿಕೆಯ ನಕ್ಷೆಯ ಮೂಲ ನಿಯಮಕ್ಕೇ ವಿರುದ್ಧ. ಅಂತಿಮ ಗಡಿ ಬಂದ ಮೇಲೆ ನಾನು ಮತ್ತೆ ಅತ್ತ ತಿರುಗಿ ನೋಡಲೂ ಇಲ್ಲ. ನನ್ನ ಅವಸರದ ಬೆಲೆಯನ್ನು ತೆತ್ತವರು ಎಂಬತ್ತು ದಾಟಿದ ಹಿರಿಯರು.

ನಕ್ಷೆಯಲ್ಲಿ ಒಂದು ಗೆರೆ ತಪ್ಪಿದರೆ ಏನು ಮಹಾ ಅನಾಹುತ ಎಂದು ಓದುಗರು ಕೇಳಬಹುದು. ಅದಕ್ಕೆ ಈ ನಕ್ಷೆ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿಯಬೇಕು. ಒಂದೊಂದು ಮನೆಗೂ ಅದರ ವಾರ್ಡ್ ಯಾವುದೆಂದು ನಕ್ಷೆಯಲ್ಲಿ ಬರೆದಿಟ್ಟಿರುವುದಿಲ್ಲ. ಮನೆಯ ಜಾಗ ಯಾವ ಬೇಲಿಯ ಒಳಗೆ ಬೀಳುತ್ತದೆ ಎಂದು ಯಂತ್ರವು ಕೇಳಿದಾಗಲೆಲ್ಲ ಲೆಕ್ಕಹಾಕಿ ಉತ್ತರ ಕೊಡುತ್ತದೆ. ಆದ್ದರಿಂದ ಒಂದು ಗೆರೆಯನ್ನು ನೂರು ಗಜ ಆಚೆ ಸರಿಸಿದರೆ ಸಾವಿರಾರು ಮನೆಗಳ ವಿಳಾಸ ಸದ್ದಿಲ್ಲದೆ ಬದಲಾಗುತ್ತದೆ. ಮೇಲಾಗಿ ಎರಡು ವಾರ್ಡುಗಳ ನಡುವಿನ ಗೆರೆ ಎರಡಕ್ಕೂ ಸೇರಿದ್ದು. ಒಬ್ಬರು ತಮ್ಮ ವಾರ್ಡನ್ನು ಸರಿಮಾಡುವ ಭರದಲ್ಲಿ ಅದನ್ನು ಅರ್ಧಕ್ಕೆ ತುಂಡರಿಸಿದರೆ ಪಕ್ಕದ ವಾರ್ಡಿನ ಬೇಲಿ ತೆರೆದುಕೊಳ್ಳುತ್ತದೆ. ಬೇಲಿ ಮುಚ್ಚಿರದಿದ್ದರೆ ಒಳಗೆ ಹೊರಗೆ ಎಂಬ ಲೆಕ್ಕವೇ ನಡೆಯದು. ಆ ವಾರ್ಡು ಹುಡುಕಿದವರಿಗೆ ಸಿಗದೇ ಹೋಗಬಹುದು.

ಈ ಕಷ್ಟ ಹೊಸದೇನಲ್ಲ. ಗಡಿಯನ್ನು ಮಾತಿನಲ್ಲಿ ಕಟ್ಟುವ ವಿದ್ಯೆ ಕನ್ನಡ ನಾಡಿಗೆ ಬಹಳ ಹಳೆಯದು. ನಮ್ಮ ದಾನಶಾಸನಗಳು ದತ್ತಿಯ ಭೂಮಿಯ ಎಲ್ಲೆಯನ್ನು ದಿಕ್ಕುದಿಕ್ಕಿಗೆ ಹೇಳುತ್ತವೆ: ಇಂಥ ಕಲ್ಲು, ಇಂಥ ಕೆರೆ, ಇಂಥ ಮರ. ಅಳಿಪಿದವರಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪ ಎಂಬ ಶಾಪವೂ ಜೊತೆಗಿರುತ್ತದೆ. ಇಂದಿಗೂ ನಮ್ಮ ಕ್ರಯಪತ್ರಗಳ ಕೊನೆಯಲ್ಲಿ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ನಿವೇಶನ ಎಂದು ಚಕ್ಕುಬಂದಿ ಬರೆಯದೆ ನೋಂದಣಿ ಮುಗಿಯುವುದಿಲ್ಲ. ವಾರ್ಡ್ ವಿಂಗಡಣೆಯ ಅಧಿಸೂಚನೆಯೂ ಇದೇ ಸಂಪ್ರದಾಯದ ಕೂಸು. ಉತ್ತರಕ್ಕೆ ಇಂಥ ಮುಖ್ಯರಸ್ತೆ, ಪೂರ್ವಕ್ಕೆ ಇಂಥ ಅಡ್ಡರಸ್ತೆ, ದಕ್ಷಿಣಕ್ಕೆ ಕಾಲುವೆ ಎಂದು ಅದು ಗಡಿಯನ್ನು ವಿವರಿಸುತ್ತದೆ.

ಹಳ್ಳಿಯಲ್ಲಿ ಈ ಭಾಷೆ ಚೆನ್ನಾಗಿಯೇ ನಡೆಯುತ್ತದೆ. ನಗರದಲ್ಲಿ ನಡೆಯುವುದಿಲ್ಲ. ‘ಒಂದನೇ ಮುಖ್ಯರಸ್ತೆ’ ಎಂಬುದು ರಾಜಾಜಿನಗರದಲ್ಲಿದೆ, ಬಸವೇಶ್ವರನಗರದಲ್ಲಿದೆ, ವಿಜಯನಗರದಲ್ಲೂ ಇದೆ. ರಾಜಾಜಿನಗರ ಒಂದರಲ್ಲೇ ಬ್ಲಾಕಿಗೊಂದು ಲೆಕ್ಕ. ಗೆರೆ ರಸ್ತೆಯ ನಡುಮಧ್ಯದಲ್ಲಿ ಹೋಗುತ್ತದೆಯೋ ಅಂಚಿನಲ್ಲೋ? ಕಾಲುವೆ ಎಂದರೆ ಈಗ ಕಾಂಕ್ರೀಟಿನಲ್ಲಿ ಹರಿಯುವ ರಾಜಕಾಲುವೆಯೋ, ಹಳೆಯ ಕಂದಾಯ ನಕ್ಷೆಯಲ್ಲಿರುವ ಹಳ್ಳವೋ? ಒಡೆದ ಚಪ್ಪಡಿ ಇಂಥ ಗಡಿರಸ್ತೆಯ ತಿರುವಿನಲ್ಲೇ ಇದ್ದರೆ ಅದನ್ನು ಯಾರು ಸರಿಪಡಿಸಬೇಕೆಂಬುದು ಈ ಒಂದು ಪದದ ಅರ್ಥವನ್ನು ಅವಲಂಬಿಸಿರುತ್ತದೆ. ಹತ್ತು ಜನ ಸ್ವಯಂಸೇವಕರು ಒಂದೇ ಅಧಿಸೂಚನೆಯನ್ನು ಓದಿ ಹತ್ತು ಗೆರೆ ಎಳೆದರೆ ಅದು ಅವರ ಅಜ್ಞಾನವಲ್ಲ, ಮಾತಿನ ಮಿತಿ.

ಹೆಸರುಗಳ ಗೋಜಲು ಇನ್ನೊಂದು. ಕೆಂಗೇರಿಯನ್ನೇ ತೆಗೆದುಕೊಳ್ಳಿ. ಕಂದಾಯದ ಲೆಕ್ಕದಲ್ಲಿ ಅದು ಬೆಂಗಳೂರು ದಕ್ಷಿಣ ತಾಲ್ಲೂಕಿನ ಹೋಬಳಿ. ವಿಧಾನಸಭೆಗೆ ಅದು ಯಶವಂತಪುರ ಕ್ಷೇತ್ರ, ಹೀಗಾಗಿ ಲೋಕಸಭೆಗೆ ಬೆಂಗಳೂರು ಉತ್ತರ. ಪಾಲಿಕೆಯ ಲೆಕ್ಕದಲ್ಲಿ ಈಗ ಬೆಂಗಳೂರು ಪಶ್ಚಿಮ. ವಿಜಯನಗರ ಲೋಕಸಭೆಗೆ ದಕ್ಷಿಣ, ರಾಜಾಜಿನಗರ ಕೇಂದ್ರ. ಪಾಲಿಕೆಗೆ ಎರಡೂ ಪಶ್ಚಿಮ. ಇದು ಸಾಲದೆಂಬಂತೆ 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಡಲಾಯಿತು. ಈಗ ‘ಬೆಂಗಳೂರು ದಕ್ಷಿಣ’ ಎಂದರೆ ಒಂದು ತಾಲ್ಲೂಕು, ಒಂದು ಲೋಕಸಭಾ ಕ್ಷೇತ್ರ, ಒಂದು ನಗರ ಪಾಲಿಕೆ, ಜೊತೆಗೆ ಒಂದು ಜಿಲ್ಲೆ. ನಾಲ್ಕಕ್ಕೂ ಗಡಿ ಬೇರೆ ಬೇರೆ. ನಕ್ಷೆ ತಿದ್ದುವವನು ಇವುಗಳಲ್ಲಿ ಯಾವುದು ಬದಲಾಗಿದೆ, ಯಾವುದು ಬದಲಾಗಿಲ್ಲ ಎಂಬುದನ್ನು ಪ್ರತ್ಯೇಕಿಸಿ ನೋಡದಿದ್ದರೆ ಪಾಲಿಕೆಯ ಗಡಿ ಸರಿಪಡಿಸಲು ಹೋಗಿ ತಾಲ್ಲೂಕನ್ನು ಕೆಡಿಸಿಬಿಡುತ್ತಾನೆ.

ಬದಲಾಗದ್ದು ಬಹಳಷ್ಟಿದೆ ಎಂಬುದನ್ನು ನಾವು ಮರೆಯುತ್ತೇವೆ. ಬಸವೇಶ್ವರನಗರದ ಅಂಚೆ ಸಂಖ್ಯೆ 560079, ಕೆಂಗೇರಿಯದು 560060; ವಾರ್ಡು ಎಷ್ಟೇ ಸಲ ಒಡೆದರೂ ಕೂಡಿದರೂ ಅವು ತಾವಾಗಿ ಕದಲುವುದಿಲ್ಲ. ಹಳೆಯ ಆಸ್ತಿ ತೆರಿಗೆ ರಸೀದಿಯ ಪಿಐಡಿ ಸಂಖ್ಯೆಯನ್ನು ಗಮನಿಸಿ; ಅದರ ಮೊದಲ ಭಾಗವೇ ಆ ಕಾಲದ ವಾರ್ಡ್ ಸಂಖ್ಯೆ. ವಾರ್ಡು ಹೋದರೂ ಅದರ ಗುರುತು ಕಾಗದದಲ್ಲಿ ಉಳಿದಿದೆ. ಮುಂದೆ ಯಾರೋ ಮನೆ ಕೊಳ್ಳುವಾಗ, ಪಾಲು ಮಾಡಿಕೊಳ್ಳುವಾಗ, ಆ ಸಂಖ್ಯೆ ಯಾವ ಪ್ರದೇಶವನ್ನು ಸೂಚಿಸುತ್ತಿತ್ತು ಎಂದು ತಿಳಿಯಬೇಕಾದರೆ ಹಳೆಯ ಗಡಿಯೂ ಎಲ್ಲಾದರೂ ಸಿಗುವಂತಿರಬೇಕು. ಆದ್ದರಿಂದ ಹೊಸ ಗೆರೆ ಬಂತೆಂದು ಹಳೆಯದನ್ನು ಅಳಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಈಗಿನ ನಕ್ಷೆಯಲ್ಲಿ ಈಗಿನ ಗಡಿ ಮಾತ್ರ ಇರಲಿ; ಹಳೆಯದು ತನ್ನ ಕಾಲದ ದಿನಾಂಕದೊಡನೆ ಬೇರೆಡೆ ಭದ್ರವಾಗಿರಲಿ. ಇತಿಹಾಸದ ನಕ್ಷೆಗೆಂದೇ ಇರುವ ಓಪನ್ ಹಿಸ್ಟಾರಿಕಲ್ ಮ್ಯಾಪ್ ಎಂಬ ಯೋಜನೆ ಇಂಥದ್ದಕ್ಕೆ ತಕ್ಕ ಜಾಗ. ಬೆಂಗಳೂರಿನ ಹಳೆಯ ವಾರ್ಡುಗಳ ಗಡಿಗಳು ಇಂದು ಸಾಮಾನ್ಯರಿಗೂ ಸಿಗುವಂತಿದ್ದರೆ ಅದರ ಶ್ರೇಯಸ್ಸಿನ ದೊಡ್ಡ ಪಾಲು ಡೇಟಾಮೀಟ್, ಓಪನ್ ಸಿಟಿಯಂಥ ನಾಗರಿಕ ಪ್ರಯತ್ನಗಳಿಗೆ ಸಲ್ಲಬೇಕು.

ಬಡಾವಣೆಯ ಹೆಸರಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ವಾರ್ಡಿಗೊಂದು ಹೊಸ ಹೆಸರು ಬಂದ ಮಾತ್ರಕ್ಕೆ ಆ ಪ್ರದೇಶದ ಹೆಸರು ಬದಲಾಗುವುದಿಲ್ಲ. 1949ರಲ್ಲಿ ಕೈಗಾರಿಕಾ ಉಪನಗರವಾಗಿ ಆರಂಭವಾದ ರಾಜಾಜಿನಗರವು ಎಷ್ಟು ವಾರ್ಡುಗಳಾಗಿ ಹಂಚಿಹೋದರೂ ಅಲ್ಲಿಯವರಿಗೆ ರಾಜಾಜಿನಗರವೇ. ಬಸವೇಶ್ವರನಗರ ಎಲ್ಲಿ ಮುಗಿಯುತ್ತದೆ, ಕಮಲಾನಗರ ಎಲ್ಲಿ ಶುರುವಾಗುತ್ತದೆ ಎಂದು ಇಬ್ಬರನ್ನು ಕೇಳಿದರೆ ಎರಡು ಉತ್ತರ ಬರುತ್ತದೆ, ಎರಡೂ ಸರಿಯೇ. ಬಡಾವಣೆಗೆ ನಡುವೆಂಬುದು ಇರುತ್ತದೆ, ಖಚಿತವಾದ ಅಂಚು ಇರುವುದಿಲ್ಲ. ಹಾಗಾಗಿ ಅನುಭವಿಗಳು ಅದನ್ನು ನಕ್ಷೆಯಲ್ಲಿ ಒಂದು ಚುಕ್ಕೆಯಾಗಿ ಗುರುತಿಸುತ್ತಾರೆ, ವಾರ್ಡನ್ನು ಮಾತ್ರ ಬೇಲಿಯಾಗಿ. ಇವೆರಡನ್ನೂ ಬೆರೆಸಿದರೆ ಜನರ ನೆನಪಿನ ಮೇಲೆ ಅಧಿಸೂಚನೆಯನ್ನು ಹೇರಿದಂತಾಗುತ್ತದೆ.

ಕನ್ನಡದ ಮಾತನ್ನೂ ಇಲ್ಲಿ ಹೇಳಲೇಬೇಕು. ಪ್ರತಿಯೊಂದು ಹೆಸರನ್ನೂ ಕನ್ನಡ ಲಿಪಿಯಲ್ಲಿ ಬೇರೆಯಾಗಿ ದಾಖಲಿಸಲು ಈ ನಕ್ಷೆಯಲ್ಲಿ ಅವಕಾಶವಿದೆ. ಅದನ್ನು ನಾವು ತುಂಬದಿದ್ದರೆ ಇಂಗ್ಲಿಷ್ ಕಾಗುಣಿತದಿಂದ ಯಂತ್ರವೇ ಕನ್ನಡ ಮಾಡಿಕೊಳ್ಳುತ್ತದೆ. ಇಂಗ್ಲಿಷಿಗೆ ಲಕಾರ ಳಕಾರಗಳ ಭೇದ ಗೊತ್ತಿಲ್ಲವಾದ್ದರಿಂದ ನಮ್ಮ ಹೊಸಹಳ್ಳಿ ‘ಹೊಸಹಲ್ಲಿ’ಯಾಗಿ ಗೋಡೆ ಹತ್ತಲು ಹೆಚ್ಚು ಹೊತ್ತು ಬೇಡ. ರಾಜ್ಯಪತ್ರದಲ್ಲಿ ವಾರ್ಡುಗಳ ಹೆಸರು ಕನ್ನಡದಲ್ಲೇ ಪ್ರಕಟವಾಗುತ್ತದೆ. ಅದನ್ನು ಹಾಗೆಯೇ ನಕ್ಷೆಗೆ ತರುವುದಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಕಿಲ್ಲ.

ಇಷ್ಟೆಲ್ಲ ಹೊಣೆಯನ್ನು ಹವ್ಯಾಸಿಗಳ ಮೇಲೆ ಹೊರಿಸಿ ಸರ್ಕಾರ ನಿರಾಳವಾಗಿರಬಹುದೇ? ಇರಲಾಗದು. ಗಡಿಯನ್ನು ನಿರ್ಧರಿಸುವವರು ಇಂದು ಕಾಗದದ ಮೇಲೆ ಸೀಸದಕಡ್ಡಿಯಿಂದ ಗೆರೆ ಎಳೆಯುವುದಿಲ್ಲ. ಗಣಕಯಂತ್ರದಲ್ಲಿ ಎಳೆದ ಗೆರೆಯನ್ನು ಮಾತಿಗಿಳಿಸಿ ಪ್ರಕಟಿಸುವುದು, ಆ ಮಾತನ್ನು ನಾಗರಿಕರು ಓದಿ ಮತ್ತೆ ಗಣಕಯಂತ್ರದಲ್ಲಿ ಗೆರೆಯಾಗಿಸುವುದು ಎಂದರೆ ಅಕ್ಕಿಯನ್ನು ಹಿಟ್ಟು ಮಾಡಿ ಕೊಟ್ಟು ಮತ್ತೆ ಅಕ್ಕಿ ಮಾಡಿಕೊಳ್ಳಿ ಎಂದಂತೆ. ಅಧಿಸೂಚನೆಯ ಜೊತೆಗೇ ಆ ಗೆರೆಯ ಮೂಲ ಕಡತವನ್ನು, ಯಾರು ಬೇಕಾದರೂ ಬಳಸಬಹುದೆಂಬ ಸ್ಪಷ್ಟ ಪರವಾನಗಿಯೊಡನೆ, ಅಂದೇ ಬಿಡುಗಡೆ ಮಾಡಬೇಕು. ಕರಡಿಗೆ ಕರಡೆಂದೂ ಅಂತಿಮಕ್ಕೆ ಅಂತಿಮವೆಂದೂ ಅದರ ಮೈಮೇಲೇ ಬರೆದಿರಬೇಕು. ಮಾತಿಗೂ ಗೆರೆಗೂ ವ್ಯತ್ಯಾಸ ಕಂಡರೆ ಯಾವುದನ್ನು ನಂಬಬೇಕೆಂಬುದನ್ನೂ ತಿಳಿಸಬೇಕು.

ಇದು ಅಸಾಧ್ಯದ ಬೇಡಿಕೆಯಲ್ಲ. ಸರ್ಕಾರಿ ದತ್ತಾಂಶವನ್ನು ಸಾರ್ವಜನಿಕರೊಡನೆ ಹಂಚಿಕೊಳ್ಳುವ ರಾಷ್ಟ್ರೀಯ ನೀತಿಯನ್ನು ಭಾರತ 2012ರಲ್ಲೇ ರೂಪಿಸಿತು; ಅದಕ್ಕೆ ಬೇಕಾದ ಮುಕ್ತ ಪರವಾನಗಿಯನ್ನು 2017ರಲ್ಲಿ ಪ್ರಕಟಿಸಿತು. ಖಾಸಗಿಯವರು ನಕ್ಷೆ ತಯಾರಿಸುವುದಕ್ಕೆ ಇದ್ದ ನಿರ್ಬಂಧಗಳನ್ನು 2021ರ ಫೆಬ್ರುವರಿಯಲ್ಲಿ ಬಹುಪಾಲು ಸಡಿಲಿಸಿತು. ಬ್ರಿಟನ್ನಿನ ಉದಾಹರಣೆ ಇನ್ನೂ ಪಾಠದಂತಿದೆ. ಅಲ್ಲಿನ ಸರ್ಕಾರಿ ನಕ್ಷಾ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆ ತನ್ನ ನಕ್ಷೆಗಳನ್ನು ಮುಕ್ತವಾಗಿ ಕೊಡುತ್ತಿರಲಿಲ್ಲ ಎಂಬ ಅಸಮಾಧಾನದಲ್ಲೇ ಓಪನ್ ಸ್ಟ್ರೀಟ್ ಮ್ಯಾಪ್ ಹುಟ್ಟಿದ್ದು. 2010ರಲ್ಲಿ ಅದೇ ಸಂಸ್ಥೆ ದೇಶದ ಆಡಳಿತ ಗಡಿಗಳ ದತ್ತಾಂಶವನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಗಡಿ ಸಾರ್ವಜನಿಕರದ್ದು ಎಂದು ಒಪ್ಪಿಕೊಂಡದ್ದರಿಂದ ಅಲ್ಲಿನ ಸರ್ಕಾರದ ಅಧಿಕಾರವೇನೂ ಕುಗ್ಗಲಿಲ್ಲ.

ಈ ಕೆಲಸಕ್ಕೆ ಈಗ ಒಳ್ಳೆಯ ಹೊತ್ತು. 2027ರ ಜನಗಣತಿಯ ಸಲುವಾಗಿ ಆಡಳಿತ ಗಡಿಗಳನ್ನು 2025ರ ಡಿಸೆಂಬರ್ 31ರ ನಂತರ ಬದಲಿಸದೆ ಸ್ಥಿರವಾಗಿಡುವಂತೆ ರಾಜ್ಯಗಳಿಗೆ ಸೂಚಿಸಲಾಗಿತ್ತು. ಪದೇ ಪದೇ ಕದಲಿದ ಗೆರೆಗೆ ಇದರಿಂದ ಒಂದಿಷ್ಟು ವಿಶ್ರಾಂತಿ ಸಿಕ್ಕಂತಾಯಿತು. ಎಷ್ಟು ಜನ, ಎಷ್ಟು ಮನೆ, ಎಷ್ಟು ನೀರು, ಎಷ್ಟು ಶಾಲೆ ಎಂಬ ಲೆಕ್ಕವೆಲ್ಲ ಇಂಥ ಬೇಲಿಗಳ ಒಳಗೇ ನಡೆಯುವಂಥದ್ದು. ಬೇಲಿ ಎಲ್ಲಿದೆಯೆಂದು ಒಳಗಿರುವವನಿಗೇ ಗೊತ್ತಿಲ್ಲದಿದ್ದರೆ ಆ ಲೆಕ್ಕವನ್ನು ಅವನು ಪ್ರಶ್ನಿಸುವುದಾದರೂ ಹೇಗೆ? ವಾರ್ಡ್ ಗಡಿ ಎಂಬುದು ನಕ್ಷೆಯ ಅಲಂಕಾರವಲ್ಲ. ನನ್ನ ಓಣಿಯ ಮೋರಿಗೆ ಉತ್ತರ ಹೇಳಬೇಕಾದವರು ಯಾರು ಎಂಬ ಪ್ರಶ್ನೆಗೆ ಅದು ಉತ್ತರ. ಆ ಉತ್ತರವನ್ನು ಎಲ್ಲರೂ ಓದಬಲ್ಲ ರೂಪದಲ್ಲಿ ಕೊಡುವುದು ಸರ್ಕಾರದ ಕರ್ತವ್ಯ. ಅದನ್ನು ಅವಸರಪಡದೆ, ಪರಿಶೀಲಿಸಿ ಹಂಚುವುದು ನಮ್ಮಂಥವರ ಕರ್ತವ್ಯ. ಎರಡರಲ್ಲಿ ಒಂದು ತಪ್ಪಿದರೂ ಎಡವುವವರು ಮೂರನೆಯವರು.

ಆ ಬೆಳಿಗ್ಗೆ ನಾನು ಹಿರಿಯರಿಗೆ ನಿಜ ಹೇಳಿದೆ. ‘ಯಜಮಾನರೇ, ತಪ್ಪು ನನ್ನದು. ಆ ಗೆರೆ ಎಳೆದವನು ನಾನು’ ಎಂದೆ. ಅವರು ಕ್ಷಣಕಾಲ ನನ್ನನ್ನೇ ನೋಡಿ, ‘ಹಾಗಾದರೆ ಸರಿಮಾಡಿ ಮೇಷ್ಟ್ರೇ, ಇನ್ನೊಬ್ಬರು ಅಲೆಯುವುದು ಬೇಡ’ ಎಂದಷ್ಟೇ ಹೇಳಿದರು. ಅಂದು ಸಂಜೆ ಅಂತಿಮ ಅಧಿಸೂಚನೆಯ ನಮ್ಮ ವಾರ್ಡಿನ ಪುಟವನ್ನು ಕೈಯಲ್ಲಿ ಹಿಡಿದು ನಾಲ್ಕೂ ದಿಕ್ಕಿನ ರಸ್ತೆಗಳಲ್ಲಿ ನಡೆದು ಬಂದೆ. ಚಿತ್ರ ನೋಡಿ ಎಳೆದಿದ್ದ ಗೆರೆಯನ್ನು ತೆಗೆದುಹಾಕಿ, ಅಧಿಸೂಚನೆಯ ಮಾತಿನಂತೆ ಹೊಸದನ್ನು ಎಳೆದೆ. ಈ ನಕ್ಷೆಯಲ್ಲಿ ಪ್ರತಿಯೊಂದು ತಿದ್ದುಪಡಿಗೂ ಕಾರಣ ಬರೆಯಲು ಜಾಗವಿದೆ. ಯಾರು, ಯಾವಾಗ, ಏಕೆ ತಿದ್ದಿದರು ಎಂಬುದು ಅಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಕರಡನ್ನು ಅಂತಿಮವೆಂದು ಬಗೆದು ಮೊದಲು ತಪ್ಪಾಗಿ ಗುರುತಿಸಿದ್ದೆ ಎಂದು ಕನ್ನಡದಲ್ಲೇ ಬರೆದೆ.

ಮಾರನೆಯ ದಿನ ಹಿರಿಯರು ಹೊಸ ಅರ್ಜಿ ತಂದರು. ಸಹಿ ಹಾಕುವ ಮೊದಲು ನನ್ನ ಮಾತನ್ನಾಗಲೀ ಮೊಬೈಲನ್ನಾಗಲೀ ನಂಬದೆ, ಅಧಿಸೂಚನೆಯ ಪುಟವನ್ನು ಕೇಳಿ ಪಡೆದು, ಕನ್ನಡಕ ಸರಿಪಡಿಸಿಕೊಂಡು ತಾವೇ ಪೂರ್ತಿ ಓದಿದರು. ನನಗೆ ಬೇಸರವಾಗಲಿಲ್ಲ. ಜನವರಿಯ ಎರಡನೆಯ ವಾರದಲ್ಲಿ ಚಪ್ಪಡಿ ಬದಲಾಯಿತು.